ಒಂದು ಪೊಟ್ಟಣ, ಒಂದು ಲೀಟರ್

ಮೇ ೧೧, ರಾತ್ರಿ ಪಾಳಿ

ಸೆಖೆ ಏರಿದಂತೆ ಮಕ್ಕಳ ವಾಂತಿಭೇದಿಯೂ ಏರಿದೆ. ಈ ವಾರ ರಾತ್ರಿ ಬಂದವರಲ್ಲಿ ಅರ್ಧಕ್ಕರ್ಧ ಅದೇ. ಆದರೆ ನನ್ನನ್ನು ಕೊರೆಯುತ್ತಿದ್ದುದು ಮೊಮ್ಮಗನನ್ನು ಕರೆತಂದಿದ್ದ ಒಬ್ಬ ಅಜ್ಜಿ. ಲೀಟರ್ ನೀರಿಗೆ ಹಾಕಬೇಕಾದ ಓಆರ್‌ಎಸ್ ಪೊಟ್ಟಣವನ್ನು ಒಂದೇ ಲೋಟಕ್ಕೆ ಸುರಿದು ಅವನಿಗೆ ಕುಡಿಸಿದ್ದರು. ಅಷ್ಟು ಗಟ್ಟಿ ಉಪ್ಪುನೀರು ಮಗುವಿಗೆ ಅಪಾಯ. ಮೊನ್ನೆ ಎಲ್ಲರೆದುರೇ ಬೈದುಬಿಟ್ಟೆ. ತಲೆ ತಗ್ಗಿಸಿ ಹೋದರು. ಅಂದಿನಿಂದ ಬಂದವರ ಕೈಯಿಂದಲೇ ಪೊಟ್ಟಣವನ್ನು ನನ್ನ ಮೇಜಿನ ಮೇಲೇ ಕಲಸಿಸುತ್ತಿದ್ದೇನೆ.

ಇವತ್ತು ಅವರದೇ ಫೋನು.

"ಡಾಕ್ಟ್ರೇ, ಪಕ್ಕದ್ಮನೆ ಮಗೂಗೆ ವಾಂತಿ ಆಗ್ತಿತ್ತು. ಲೀಟರ್ ನೀರಿಗೇ ಕಲಸಿ ಚಮಚದಲ್ಲಿ ಕುಡಿಸ್ದೆ. ಈಗ ಉಚ್ಚೆ ಹೊಯ್ದು ಆಟ ಆಡ್ತಿದೆ. ಕರ್ಕೊಂಡು ಬರ್ಲಾ?"

"ಬೇಡ ಅಜ್ಜಿ, ಕುಡಿಸ್ತಾ ಇರಿ. ಮತ್ತೆ ವಾಂತಿ ಆದ್ರೆ ಬನ್ನಿ. ಅವತ್ತು ಬೈದೆ, ಬೇಜಾರ್ ಮಾಡ್ಕೋಬೇಡಿ."

"ನೀವು ನನ್ನೊಬ್ಬಳಿಗೆ ಬೈದ್ರಿ. ನಾನೀಗ ಇಡೀ ಬೀದಿಗೇ ಬೈಕೊಂಡು ತಿರುಗ್ತಿದೀನಿ!"

ಹೊರಗಿನ ಬೆಂಚು ಖಾಲಿ. ಈ ಬೇಸಿಗೆಯಲ್ಲಿ ಇದೇ ಮೊದಲು. ಕಣ್ಣು ಎಳೆಯುತ್ತಿದೆ, ಒಂದು ಗಳಿಗೆ...