ಇಳಿದ ನಂಬರು

ಸೋಮವಾರ, 11
ರಕ್ತ ಪರೀಕ್ಷೆಯ ಯಂತ್ರ ಮತ್ತೆ ಮುನಿಸಿಕೊಂಡಿದೆ. ತಟ್ಟಿ, ಬೈದು, ಕೊನೆಗೆ ಬೇಡಿಕೊಂಡು ನಡೆಸಿದೆ. ಬಸ್ ಡ್ರೈವರರ ನಾಯಿ ಚುಕ್ಕಿ — ಗರ್ಭಕೋಶದ ತುಂಬ ಕೀವು. ನಿನ್ನೆ ಆಪರೇಷನ್ ಮಾಡಿ ತೆಗೆದೆ. ಆದರೂ ಸುಡುವ ಜ್ವರ, ಏದುಸಿರು. ಉರಿಯೂತ ಮೈಯೆಲ್ಲ ಹಬ್ಬಿದೆ. ಸಿಆರ್‌ಪಿ ವಿಪರೀತ.

ಡ್ರೈವರರಿಗೆ ಬಿಡಿಸಿ ಹೇಳಿದೆ. ಉರಿಯೂತ ಎದ್ದಾಗ ಲಿವರ್ ರಕ್ತಕ್ಕೆ ಸುರಿಯುವ ಪ್ರೋಟೀನ್ ಅದು, ಒಂದು ದಿನದ ನಂಬರ್ ಸಾಲದು, ಏರುತ್ತಿದೆಯೋ ಇಳಿಯುತ್ತಿದೆಯೋ ನೋಡಬೇಕು... ಪೂರ್ತಿ ಕೇಳಿಸಿಕೊಂಡರು.

"ಅಂದ್ರೆ ಬದುಕುತ್ತಾ ಮೇಡಂ?"

ಹೊಳೆಯಲ್ಲಿ ಹುಣಸೆಹಣ್ಣು ತೊಳೆದ ಹಾಗಾಯಿತು.

ಮಂಗಳವಾರ, 12
ಇನ್ನೂ ಏರಿದೆ. ನಮ್ಮ ಆಸ್ಪತ್ರೆಯ ದೊಡ್ಡ ಡಾಕ್ಟರ್ ರಿಪೋರ್ಟ್ ನೋಡಿದರು, ನಾಯಿಯ ಕಡೆ ತಿರುಗಲೂ ಇಲ್ಲ.

"ಇದು ಉಳಿಯೋ ಕೇಸಲ್ಲ. ನೋವಿಲ್ಲದ ಹಾಗೆ ಮುಗಿಸೋಣ ಅಂತ ಅವರಿಗೆ ಹೇಳಿ."

"ಆಪರೇಷನ್ ಆದ್ಮೇಲೆ ಏರೋದು ಸಹಜ ಸರ್. ಎರಡು ದಿನ ಕೊಡಿ."

"ನಿಮ್ಮ ಹಠಕ್ಕೆ ಅದು ನರಳ್ಬೇಕು."

ಹೋಗಿ ಚುಕ್ಕಿಗೆ ಇನ್ನೊಂದು ಡ್ರಿಪ್ ಏರಿಸಿದೆ.

ಬುಧವಾರ, 13
ತೆಗೆದ ರಕ್ತ ಟ್ಯೂಬಿನಲ್ಲೇ ಹೆಪ್ಪುಗಟ್ಟಿತು. ಮತ್ತೆ ಚುಚ್ಚಬೇಕಾಯಿತು. ಚುಕ್ಕಿ ಕಾಲು ಎಳೆದುಕೊಳ್ಳಲೂ ಇಲ್ಲ — ಅದೇ ಹೆದರಿಸಿತು.

"ಎಷ್ಟು ಸಲ ಚುಚ್ತೀರಿ? ಅದರ ಮೈ ಉರೀತಿದೆ, ನೀವು ಅಳೀತಾನೇ ಇದ್ದೀರಿ" ಅಂದರು ಡ್ರೈವರ್.

"ಅಳೀದೆ ಔಷಧಿ ಹೇಗೆ ಕೊಡ್ಲಿ? ಕಣ್ಣು ಮುಚ್ಕೊಂಡಾ?"

ರೇಗಿಬಿಟ್ಟೆ. ಅವರು ತಲೆ ತಗ್ಗಿಸಿ ಅದರ ಕಿವಿ ನೇವರಿಸುತ್ತ ಕೂತರು. ಥೂ, ನನ್ನ ನಾಲಿಗೆ.

ಶುಕ್ರವಾರ, 15
ನಂಬರ್ ಅರ್ಧಕ್ಕಿಳಿದಿದೆ! ನಾನೇ ವರಾಂಡಕ್ಕೆ ಓಡಿ ಹೇಳಿದೆ. ಡ್ರೈವರ್ ಆಗಲೇ ಮನೆಗೆ ಫೋನ್: "ಇಳೀತಂತೆ ಕಣೇ, ಇಳೀತಂತೆ."

"ನಾನು ಹೇಳಿರಲಿಲ್ವಾ?" ಅಂದರು ದೊಡ್ಡ ಡಾಕ್ಟರ್. ಏನು ಹೇಳಿದ್ದರು, ಮಹಾನುಭಾವರು?

ಶನಿವಾರ, 16
ನಿನ್ನೆ ಸಂಜೆಯಿಂದ ಮೂತ್ರವಿಲ್ಲ. ಕಿಡ್ನಿ ಕೈಕೊಟ್ಟಿದೆ. ಡ್ರಿಪ್ಪಿಗೂ ಜಗ್ಗಲಿಲ್ಲ, ಔಷಧಿಗೂ ಜಗ್ಗಲಿಲ್ಲ. ಸಿಆರ್‌ಪಿ ಮಾತ್ರ ಇನ್ನೂ ಇಳಿಯುತ್ತಲೇ ಇದೆ, ಹಾಳಾದ್ದು. ಯಾಕೆ ಓಡಿಹೋಗಿ ಹೇಳಿದೆನೋ.

ಮಧ್ಯಾಹ್ನ ಡ್ರೈವರರಿಗೆ ತಿಳಿಸಿದೆ.

"ಇಳೀತು ಅಂದ್ರಲ್ಲ ಮೇಡಂ..."

ಜಗಳವಾಡಿದ್ದರೆ ವಾಸಿಯಿತ್ತು. ನೋವಿಲ್ಲದ ಹಾಗೆ ಮುಗಿಸಲು ತಾವೇ ಒಪ್ಪಿದರು. ನೆಲದ ಮೇಲೆ ಕೂತು ಚುಕ್ಕಿಯ ತಲೆ ತೊಡೆಯ ಮೇಲಿಟ್ಟುಕೊಂಡರು. ಕೊನೆಯ ಇಂಜೆಕ್ಷನ್ ನಾನೇ ಕೊಟ್ಟೆ.

ಅದರ ಉಸಿರು ನಿಂತು ಇನ್ನೂ ಯಾರೂ ಎದ್ದಿರಲಿಲ್ಲ, ಅವರ ಫೋನ್ ಬಂತು. ಹೆಂಡತಿ. "ಡಾಕ್ಟ್ರಮ್ಮ ಇದಾರೆ, ಮಾತಾಡು" ಅಂದವರೇ ನನ್ನ ಕೈಗಿತ್ತರು.

"ಮೇಡಂ, ಚುಕ್ಕೀನ ಯಾವಾಗ ಮನೆಗೆ ಕರ್ಕೊಂಡು ಬರ್ಬೋದು?"

"ಇವತ್ತೇ" ಅಂದೆ. ಆಮೇಲೆ, ಅದರ ಉಸಿರು ನಿಂತದ್ದನ್ನೂ ನಾನೇ ಹೇಳಿದೆ.