ಮೀನುಗಳು ಎಲ್ಲಿಗೂ ಹೋಗುವುದಿಲ್ಲ

ಮಹಡಿ ಮನೆ,
ಭಾನುವಾರ, ಹದಿನಾಲ್ಕನೇ ತಾರೀಕು.

ಪ್ರೀತಿಯ ಅಣ್ಣಾ,

ಬೆನ್ನು ಹೇಗಿದೆ? ರಾತ್ರಿ ನಿದ್ದೆ ಬರುತ್ತಿದೆಯೇ? ಪಕ್ಕದ ಹಾಸಿಗೆಯವರು ಈಗಲೂ ರೇಡಿಯೊ ಹಾಕಿಕೊಂಡೇ ಗೊರಕೆ ಹೊಡೆಯುತ್ತಾರೋ ಅಥವಾ ಮನೆಗೆ ಹೋದರೋ? ಎಲ್ಲದಕ್ಕೂ ಸರಿಯಾಗಿ ಉತ್ತರ ಕೊಡು. ‘ಚೆನ್ನಾಗಿದೀನಿ’ ಎಂದು ಒಂದೇ ಮಾತಿನಲ್ಲಿ ತೇಲಿಸಬೇಡ, ಆ ಮಾತು ಅಮ್ಮನಿಗೆ ಸಾಕು. ಅಮ್ಮನ ಮಂಡಿನೋವು ಇದ್ದಷ್ಟೇ ಇದೆ, ಬಾಯಿ ಮಾತ್ರ ಇನ್ನೂ ಚುರುಕಾಗಿದೆ. ನನ್ನ ಹೊಲಿಗೆ ಅಂಗಡಿಯಲ್ಲಿ ಶಾಲೆ ಮಕ್ಕಳ ಸಮವಸ್ತ್ರ ರಾಶಿ ಬಿದ್ದಿದೆ. ಬೋರ್ಡಿಗೆ ದೀಪ ಹಾಕಲು ಹೋಗಿ ನೀನು ಬಿದ್ದೆಯಲ್ಲ, ಆ ಬೇಕರಿಯವರು ದಿನವೂ ನಿನ್ನನ್ನು ಕೇಳುತ್ತಾರೆ. ಅರ್ಧ ಬೋರ್ಡು ಮಾತ್ರ ಬೆಳಗುತ್ತಿದೆ. ಉಳಿದರ್ಧ ನೀನೇ ಬಂದು ಹಾಕಲಿ ಎಂದು ಬಿಟ್ಟಿದ್ದಾರಂತೆ.

ಈಗ ವಿಷಯಕ್ಕೆ ಬರುತ್ತೇನೆ. ಫೋನಿನಲ್ಲಿ ಜಗಳಕ್ಕೆ ನಿಂತರೆ ನೀನು ‘ನರ್ಸ್ ಬಂದ್ರು’ ಎಂದು ಇಟ್ಟುಬಿಡುತ್ತೀಯ, ಅದಕ್ಕೇ ಕಾಗದ. ‘ಮೀನುಗಳನ್ನ ಯಾರಿಗಾದ್ರೂ ಕೊಟ್ಬಿಡು, ಸೂಜಿ. ನಂಗಿನ್ನು ಬಗ್ಗೋಕಾಗಲ್ಲ’ ಎಂದೆ. ಆಪರೇಷನ್ ಮಾಡಿದರೆ ಎದ್ದು ಓಡಾಡಬಹುದು, ಬಗ್ಗಲೂಬಹುದು ಎಂದು ಡಾಕ್ಟರು ಹೇಳುತ್ತಿದ್ದಾರೆ. ನೀನು ‘ನೋಡೋಣ’ ಎಂದು ಗೋಡೆ ಕಡೆ ಮುಖ ಮಾಡುತ್ತೀಯಂತೆ. ನನಗೆ ಎಲ್ಲ ಗೊತ್ತಾಗುತ್ತದೆ. ಗೊತ್ತಿದ್ದೇ ಹೇಳುತ್ತಿದ್ದೇನೆ, ಕೊಡುವುದಿಲ್ಲ. ಒಂದು ಮೀನನ್ನೂ ಕೊಡುವುದಿಲ್ಲ. ಗಾಜಿಗೆ ಅಂಟಿಕೊಂಡು ಯಾರಿಗೂ ಬೇಡವಾಗಿರುವ ಆ ಬಸವನಹುಳುವನ್ನೂ ಕೊಡುವುದಿಲ್ಲ.

ಹೋದ ವಾರ ಏನಾಯಿತೆಂದು ಅಮ್ಮ ನಿನಗೆ ಅಡ್ಡಗೋಡೆಯ ಮೇಲೆ ದೀಪ ಇಟ್ಟಂತೆ ಹೇಳಿರುತ್ತಾಳೆ. ಪೂರ್ತಿ ಕೇಳು. ನಾನು ಅಂಗಡಿ ಮುಚ್ಚಿ ಸಂಜೆ ಮನೆಗೆ ಬಂದರೆ ಮುಂದಿನ ಕೋಣೆಯಲ್ಲಿ ಚಪ್ಪಲಿಗಳು ತೇಲುತ್ತಿದ್ದವು. ಅಮ್ಮ ಬಕೆಟ್ಟು ಹಿಡಿದಿದ್ದಳು. ಚಿಕ್ಕಪ್ಪ ಕುರ್ಚಿಯ ಮೇಲೆ ಪಂಚೆ ಎತ್ತಿ ಕಟ್ಟಿಕೊಂಡು ನಿಂತು ಆಜ್ಞೆಗಳನ್ನು ಕೊಡುತ್ತಿದ್ದರು. ಕೆಳಗಿನ ಮನೆಯವರು ತಮ್ಮ ಚಾವಣಿಯಲ್ಲಿ ಕಂಡ ತೇವವನ್ನು ಫೋನಿನಲ್ಲಿ ಫೋಟೊ ತೆಗೆದು ತಂದು ತೋರಿಸುತ್ತಿದ್ದರು. ನಿನ್ನ ಮುದ್ದಿನ ಮ್ಯಾನೇಜರ್ ಮಾತ್ರ ಗಾಜಿಗೆ ಮೂತಿ ಒತ್ತಿ, ನಾವೆಲ್ಲ ಆಫೀಸಿಗೆ ತಡವಾಗಿ ಬಂದವರೇನೋ ಎಂಬಂತೆ ದುರುಗುಟ್ಟಿ ನೋಡುತ್ತಿತ್ತು. ಅದು ಮೀನಿನ ಜನ್ಮದಲ್ಲಿ ಇರಬೇಕಾದದ್ದೇ ಅಲ್ಲ.

ಆಮೇಲೆ ಲೆಕ್ಕ ಹಾಕಿದಾಗ ತಿಳಿಯಿತು, ಮನೆಯಲ್ಲಿ ಒಬ್ಬೊಬ್ಬರೂ ಒಂದೊಂದು ಉಪಕಾರ ಮಾಡಿದ್ದರು. ಮೊದಲು ಮೇಲಿನ ಮೀನಿನ ತೊಟ್ಟಿ ತುಂಬಿ ಅಂಚಿನಿಂದ ಸುರಿಯಿತು. ನೀರೆಲ್ಲ ನೆಲಕ್ಕೆ ಬಂದದ್ದರಿಂದ ಅದರಡಿಯ ಕಪಾಟಿನೊಳಗಿನ ಸಂಪು, ಅದೇ ನೀರು ಸೋಸುವ ಸಣ್ಣ ತೊಟ್ಟಿ, ಬರಿದಾಗಿ ಪಂಪು ಗೊರಗೊರ ಎಂದಿತು. ಅಮ್ಮ ‘ಪಾಪ, ನೀರಿಲ್ಲ ಅದಕ್ಕೆ’ ಎಂದು ಸಂಪಿಗೆ ಬಕೆಟ್ಟುಗಟ್ಟಲೆ ಹೊಯ್ದಳು. ಅದೂ ಮೇಲೆ ಹೋಗಿ ನೆಲಕ್ಕೇ ಬಂತು. ಅಮ್ಮ ಮತ್ತೆ ತುಂಬಿಸಿದಳು. ಕೊನೆಗೆ ಚಿಕ್ಕಪ್ಪ ಬಂದು ಸ್ವಿಚ್ಚು ಆರಿಸಿದರು. ಪಂಪು ನಿಂತದ್ದೇ ಮೇಲಿನ ನೀರು ಬಂದ ಪೈಪಿನಲ್ಲೇ ಹಿಂದಕ್ಕೆ ಇಳಿಯತೊಡಗಿತು, ಈಗ ಸಂಪು ತುಂಬಿ ಕೆಳಗಿನಿಂದಲೂ ಸುರಿಯಿತು. ಚಿಕ್ಕಪ್ಪ ಅಲ್ಲೇ ತೀರ್ಪು ಕೊಟ್ಟರು. ‘ಪಂಪು ಕೆಟ್ಟಿದೆ, ತೊಟ್ಟಿ ಹಳೇದು, ಅವನೇ ಬೇಡ ಅಂದ್ಮೇಲೆ ನಮಗ್ಯಾಕೆ?’ ಮರುದಿನವೇ ಒಬ್ಬ ಹಲ್ಲಿನ ಡಾಕ್ಟರನ್ನು ಹುಡುಕಿದರು. ಕಾಯುವ ರೋಗಿಗಳಿಗೆ ನೋಡಲು ಏನಾದರೂ ಬೇಕಂತೆ, ಭಾನುವಾರ ಬಂದು ಮೀನು ಸಮೇತ ತೊಟ್ಟಿಯನ್ನು ಹೊತ್ತುಕೊಂಡು ಹೋಗುತ್ತಾರಂತೆ. ನೆಗಡಿ ಬಂತೆಂದು ಮೂಗು ಕೊಯ್ದುಕೊಳ್ಳುವುದು ನಮ್ಮ ಮನೆತನದಲ್ಲೇ ಇದೆ, ಆಸ್ಪತ್ರೆಯಲ್ಲಿ ಮಲಗಿರುವವರನ್ನೂ ಸೇರಿಸಿಯೇ ಹೇಳುತ್ತಿದ್ದೇನೆ.

ನನಗೆ ಬಂದ ಸಿಟ್ಟು ಹೇಳಲಾರೆ. ಮಂಡಿಯೂರಿ ಕಪಾಟಿನೊಳಗೆ ತಲೆ ಹಾಕಿದೆ. ನೀನು ನೂರು ಸಲ ವಿವರಿಸುವಾಗ ನಾನು ಆಕಳಿಸುತ್ತಿದ್ದೆನಲ್ಲ, ಈಗ ನನ್ನ ಬಾಯಿಂದ ಕೇಳು. ಮೇಲಿನ ತೊಟ್ಟಿಯ ಮೂಲೆಯಲ್ಲಿ ಬಾಚಣಿಗೆ ಹಲ್ಲಿನಂಥ ಅಂಚಿದೆ. ಹೆಚ್ಚಾದ ನೀರು ಆ ಸಂದುಗಳಿಂದ ಇಳಿದು ದಪ್ಪ ಪೈಪಿನಲ್ಲಿ ಸಂಪಿಗೆ ಬೀಳುತ್ತದೆ. ಅಲ್ಲಿ ಸೋಸಿದ ನೀರನ್ನು ಪಂಪು ಸಣ್ಣ ಪೈಪಿನಲ್ಲಿ ಮತ್ತೆ ಮೇಲಕ್ಕೆ ತಳ್ಳುತ್ತದೆ. ಮೇಲೆ ಹೋದಷ್ಟು ಕೆಳಗೆ ಬರಬೇಕು, ಅಷ್ಟೇ ತಾನೇ? ಇಷ್ಟಕ್ಕೆ ನೀನು ಭಾನುವಾರಗಳನ್ನೆಲ್ಲ ಕಪಾಟಿನೊಳಗೆ ಕಳೆಯುತ್ತಿದ್ದೆ.

ಚಿಕ್ಕಪ್ಪನ ಮಾತು ಕೇಳಿ ಮೊದಲು ಪಂಪನ್ನೂ ಪೈಪನ್ನೂ ಕೂಡಿಸುವ ಯೂನಿಯನ್ ಜೋಡಣೆಯನ್ನು ತಿರುಗಿಸಿ ಬಿಚ್ಚಿದೆ. ಪಂಪು ಮದುಮಗನಷ್ಟು ಶುಚಿಯಾಗಿತ್ತು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದಂತಾಯಿತು. ಮತ್ತೆ ಜೋಡಿಸಿ ಪಂಪು ಹಾಕಿ ಸ್ವಲ್ಪ ಹೊತ್ತು ನೋಡುತ್ತ ಕುಳಿತೆ. ಅಣ್ಣಾ, ರವಿಕೆಯ ಎದೆಯಲ್ಲಿ ನೆರಿಗೆ ಬಿದ್ದರೆ ದರ್ಜಿ ಎದೆಯನ್ನು ಬಿಚ್ಚುವುದಿಲ್ಲ, ಹೆಗಲನ್ನು ನೋಡುತ್ತಾಳೆ. ನೀರು ಮೇಲೆ ಉಕ್ಕಿದರೆ ಕೆಳಗೆ ಎಲ್ಲೋ ಹಿಡಿದಿದೆ ಎಂದೇ ಅರ್ಥ. ದಪ್ಪ ಪೈಪಿನ ತುದಿಗೆ ಟಾರ್ಚು ಬಿಟ್ಟರೆ, ಅಲ್ಲಿ ನೇತಾಡುತ್ತಿದ್ದುದು ನನ್ನದೇ ಕೈಕೆಲಸ! ಸೋಸುವ ಚೀಲ ಹರಿದಿತ್ತೆಂದು ನಾನೇ ಹೊಸದು ಹೊಲಿದು ಹಾಕಿದ್ದೆ. ಒಳ್ಳೆಯ ಗಟ್ಟಿ ನೇಯ್ಗೆಯ ಅಸ್ತರಿ ಬಟ್ಟೆ, ಎರಡು ಪದರ, ಎರಡು ಹೊಲಿಗೆ, ಬಾಯಿಗೆ ಲಾಡಿ ಹಾಕಿ ಪೈಪಿಗೆ ಬಿಗಿಯಾಗಿ ಕಟ್ಟಿದ್ದೆ. ಕಸ ಕಟ್ಟಿಕೊಂಡು ಅದು ಕುಂಬಳಕಾಯಿಯಂತೆ ಊದಿ, ಹನಿ ಹನಿಯಾಗಿ ಬಿಡುತ್ತಿತ್ತು. ಅಷ್ಟು ನೀರು ಒತ್ತಿದರೂ ಒಂದು ಹೊಲಿಗೆ ಬಿಟ್ಟಿರಲಿಲ್ಲ ನೋಡು! ತಪ್ಪು ನನ್ನದೇ, ಆದರೆ ಹೊಲಿಗೆಗೆ ಹೆಸರಿಡುವ ಹಾಗಿಲ್ಲ. ಲಾಡಿ ಕತ್ತರಿಸಿದೆ. ನೀರು ಧೋ ಎಂದು ನನ್ನ ತಲೆಯ ಮೇಲೇ ಇಳಿಯಿತು. ಈಗ ಸೊಳ್ಳೆಪರದೆಯ ಜಾಲರಿಯಲ್ಲಿ ಸಡಿಲವಾದ ಚೀಲ ಹೊಲಿದು, ಪೈಪಿಗೆ ಕಟ್ಟದೆ ಕೆಳಗೆ ಬಾಯಿ ತೆರೆದು ಇಟ್ಟಿದ್ದೇನೆ. ತುಂಬಿದರೆ ಸಂಪಿನೊಳಗೇ ಚೆಲ್ಲಲಿ.

ಇನ್ನೊಂದು ಬಾಕಿ ಇತ್ತು. ಕರೆಂಟು ಹೋದರೆ ಏನು ಗತಿ? ಬೇಕೆಂದೇ ಪಂಪು ಆರಿಸಿ, ಅಳತೆಪಟ್ಟಿ ಹಿಡಿದು ಸಂಪಿನ ಮುಂದೆ ಕುಳಿತೆ. ನೀರು ಏರಿತು, ಏರಿತು, ನಿಲ್ಲುವ ಲಕ್ಷಣವೇ ಇಲ್ಲ. ಕೂಡಲೇ ಪಂಪು ಹಾಕಿದೆ. ಆಗ ನಿನ್ನ ಮಾತು ನೆನಪಾಯಿತು, ‘ಆ ಸಣ್ಣ ಪೈಪಲ್ಲಿ ನೀರಿನ ಮಟ್ಟದ ಕೆಳಗೇ ಒಂದು ತೂತಿದೆ, ಅದು ಉಸಿರಾಡ್ತಿರ್ಬೇಕು’ ಎಂದಿದ್ದೆ. ಸ್ಟೂಲು ಹತ್ತಿ ನೋಡಿದರೆ ತೂತು ಪಾಚಿಯಲ್ಲಿ ಮುಚ್ಚಿಹೋಗಿತ್ತು. ನಿನ್ನ ತಂಗಿಯ ಸೆರಗಿನಲ್ಲಿ ಯಾವಾಗಲೂ ಒಂದು ಸೂಜಿ ಇರುತ್ತದೆ ಎಂದು ನೀನು ಆಡಿಕೊಳ್ಳುತ್ತಿದ್ದೆಯಲ್ಲ, ಅದೇ ಸೂಜಿಯಿಂದ ಚುಚ್ಚಿ ಬಿಡಿಸಿದೆ. ಮತ್ತೆ ಪಂಪು ಆರಿಸಿದಾಗ ಮೇಲಿನ ನೀರು ತೂತಿನವರೆಗೆ ಇಳಿಯಿತು, ತೂತು ಸುರ್ ಎಂದು ಗಾಳಿ ಎಳೆದುಕೊಂಡಿತು, ಸಂಪಿನ ಅಂಚಿಗಿಂತ ನಾಲ್ಕು ಬೆರಳು ಕೆಳಗೆ ನೀರು ನಿಂತೇಬಿಟ್ಟಿತು. ನಾನು ಸ್ಟೂಲಿನ ಮೇಲೆ ನಿಂತು ಅತ್ತೆ. ಯಾಕೆಂದು ಕೇಳಬೇಡ. ನೀನು ಬಿದ್ದ ದಿನ ಆಸ್ಪತ್ರೆಯ ಬಾಗಿಲಲ್ಲಿ ಎಲ್ಲರಿಗೂ ಧೈರ್ಯ ಹೇಳಿದವಳು ನಾನು, ಆಗ ಅಳಲು ಪುರುಸೊತ್ತಾಗಿರಲಿಲ್ಲ.

ಇವತ್ತು ಬೆಳಿಗ್ಗೆ ಹಲ್ಲಿನ ಡಾಕ್ಟರು ಇಬ್ಬರು ಆಳುಗಳೊಡನೆ ಬಂದರು. ಒಳ್ಳೆಯ ಮನುಷ್ಯ, ಪಾಪ. ಕುಳ್ಳಿರಿಸಿ ಚಹಾ ಕೊಟ್ಟು, ಎಲ್ಲರ ಎದುರಿಗೇ ಪಂಪು ಆರಿಸಿದೆ. ಚಿಕ್ಕಪ್ಪ ಪಂಚೆ ಎತ್ತಿಕೊಂಡು ಕುರ್ಚಿ ಹತ್ತಿದರು. ನೀರು ಏರಿತು, ನಿಂತಿತು. ಒಂದು ಹನಿಯೂ ಹೊರಗೆ ಬರಲಿಲ್ಲ. ಚಿಕ್ಕಪ್ಪ ಕುರ್ಚಿಯಿಂದ ಇಳಿಯದೇ, ‘ಅವನೇ ಬೇಡ ಅಂದಿದಾನಲ್ಲ, ನಿಂದೇನು ಹಟ?’ ಎಂದರು. ‘ಅವನು ಬೇಡ ಅಂತಿರೋದು ಮೀನನ್ನಲ್ಲ ಚಿಕ್ಕಪ್ಪ, ಎದ್ದು ನಿಲ್ಲೋದನ್ನ. ಅದಕ್ಕೆ ನೀವು ಒಪ್ಕೋತೀರಾ?’ ಎಂದೆ. ಅಮ್ಮ ಮೊದಲ ಸಲ ಅದನ್ನು ಹಾಗೆ ಕೇಳಿಸಿಕೊಂಡಳು, ಸೆರಗನ್ನು ಬಾಯಿಗೆ ಒತ್ತಿಕೊಂಡು ಒಳಗೆ ಹೋದಳು. ಚಿಕ್ಕಪ್ಪ ಇಳಿದು ಬಂದು ತಾವೇ ಸ್ವಿಚ್ಚು ಹಾಕಿದರು, ಡಾಕ್ಟರಿಗೆ ‘ಕ್ಷಮಿಸಿ, ಕೊಡೋದಿಲ್ಲ’ ಎಂದರು. ಕೊಡೋದಿಲ್ಲ ಎಂದವರು ಅವರೇ, ನಾನಲ್ಲ. ಸಂಜೆಯ ಬಸ್ಸಿಗೆ ನಿನ್ನನ್ನು ನೋಡಲು ಹೊರಟಿದ್ದಾರೆ. ಈ ಕಾಗದವನ್ನು ಅವರ ಕೈಯಲ್ಲೇ ಕಳಿಸುತ್ತಿದ್ದೇನೆ. ಲಕೋಟೆ ಅಂಟಿಸಿ ಮೇಲೆ ಎರಡು ಹೊಲಿಗೆ ಹಾಕುತ್ತೇನೆ, ಬಿಚ್ಚಿದ ಗುರುತಿದ್ದರೆ ತಿಳಿಸು.

ಅಮ್ಮನ ಆಶೀರ್ವಾದ, ಮ್ಯಾನೇಜರನ ದುರುಗುಟ್ಟುವಿಕೆ, ಕೆಳಗಿನ ಮನೆಯವರ ಗೊಣಗಾಟ, ಎಲ್ಲವನ್ನೂ ಒಟ್ಟಿಗೆ ಕಟ್ಟಿ ಕಳಿಸಿದ್ದೇನೆ. ಪಕ್ಕದ ಹಾಸಿಗೆಯವರಿಗೆ ನನ್ನ ನಮಸ್ಕಾರ ಹೇಳಿ ರೇಡಿಯೊ ಸಣ್ಣಗಿಡಲು ತಿಳಿಸು.

ನಿನ್ನ ಮಾತು ಕೇಳದ ತಂಗಿ,
ಸೂಜಿ

ಮರೆತ ಮಾತು: ಸುಳ್ಳು, ಮರೆತಿರಲಿಲ್ಲ. ಚಿಕ್ಕಪ್ಪ ಚಪ್ಪಲಿ ಮೆಟ್ಟಿ ಬಾಗಿಲಲ್ಲಿ ನಿಂತು ಕೂಗುತ್ತಿದ್ದಾರೆ, ಬೇಗ ಬರೆಯುತ್ತೇನೆ. ನಾನು ಬಿಚ್ಚಿ ಜೋಡಿಸಿದ ಆ ಯೂನಿಯನ್ ಈಗ ಪಂಪು ಓಡುವಾಗಲೆಲ್ಲ ತೊಟ್ಟಿಕ್ಕುತ್ತಿದೆ. ಕೆಳಗೆ ನಿನ್ನ ಚಹಾ ಲೋಟ ಇಟ್ಟಿದ್ದೇವೆ, ತುಂಬಿದಾಗಲೆಲ್ಲ ಅಮ್ಮ ಚೆಲ್ಲುತ್ತಾಳೆ. ಒಳಗಿನ ರಬ್ಬರ್ ಬಳೆ ಓರೆಯಾಗಿ ಕೂತಿದೆ ಅಷ್ಟೇ, ಸರಿಮಾಡಲು ನನಗೆ ಬರುತ್ತದೆ. ಮಾಡುವುದಿಲ್ಲ. ಅದು ನಿನ್ನ ಪಾಲಿನ ಕೆಲಸ. ನೀನೇ ಮಂಡಿಯೂರಿ, ಬೆನ್ನು ಬಗ್ಗಿಸಿ, ಕಪಾಟಿನೊಳಗೆ ತಲೆ ಹಾಕಿ ಬಿಗಿಯಬೇಕು. ಮಂಗಳವಾರ ಡಾಕ್ಟರು ಆಪರೇಷನ್ನಿಗೆ ಒಪ್ಪಿಗೆ ಕೇಳಲು ಕೊನೆಯ ಸಲ ಬರುತ್ತಾರೆಂದು ನರ್ಸ್ ಹೇಳಿದರು. ನಿನಗೆ ಹೆದರಿಕೆ, ನನಗೆ ಗೊತ್ತು. ನನಗೂ ಹೆದರಿಕೆಯೇ. ಆದರೂ ‘ನೋಡೋಣ’ ಅನ್ನಬೇಡ, ‘ಆಗಲಿ’ ಅನ್ನು. ಸ್ಪ್ಯಾನರನ್ನು ನೀನು ಇಟ್ಟ ಜಾಗದಿಂದ ಯಾರೂ ತೆಗೆದಿಲ್ಲ.