ಸಂತ ನೋಬಿಸರಿಗೆ ಹೊತ್ತ ಹರಕೆ

ಬಿಜೈ, ಮಂಗಳೂರು
೧೨-೬-೧೯೬೬

ಪ್ರೀತಿಯ ತಂಗಿ ಮಾರ್ಸೆಲಿನ್,

ಸುಖವಾಗಿ ತಲುಪಿದೆ, ಮಂಡಿನೋವು ಮಾತ್ರ ಉಂಟು. ಇಲ್ಲಿಯ ಇಗರ್ಜಿಯಲ್ಲಿ ಲ್ಯಾಟಿನ್ ನಿಂತುಹೋಗಿದೆ. ಪಾದ್ರಿಗಳು ನಮ್ಮ ಕಡೆಗೇ ಮುಖ ಮಾಡಿ ಕೊಂಕಣಿಯಲ್ಲಿ ಪೂಜೆ ಮಾಡುತ್ತಾರೆ. ಮದುವೆಮನೆಯ ಗುಮಟೆ ಬಾರಿಸಿ ಹುಡುಗಿಯರು ಹಾಡುತ್ತಾರೆ. ಮುದುಕರೂ ತಲೆದೂಗುತ್ತಿದ್ದರು. ಆದರೆ ಸಂತರ ಹೆಸರು ಕರೆಯುವಾಗ ನಾವು ಹೇಳುವ 'ಓರಾ ಪ್ರೊ ನೋಬಿಸ್' ಬರಲೇ ಇಲ್ಲ. ಹೊರಗೆ ಬಂದು, ನರ್ಸ್ ಆಗಿರುವ ದೊಡ್ಡಕ್ಕನ ಮಗಳು ಬರ್ನಡೆಟ್‌ಳನ್ನು ಕೇಳಿದೆ, "ಸಂತ ನೋಬಿಸರನ್ನು ಯಾಕೆ ಬಿಟ್ಟರು?"

ಅವಳು ಬಿದ್ದು ಬಿದ್ದು ನಕ್ಕಳು. "ಎಂತ ಮಾವ್ಶಿ, ಅಂಥ ಸಂತರೇ ಇಲ್ಲ! ನೋಬಿಸ್ ಅಂದ್ರೆ ನಾವು. ನಮಗಾಗಿ ಬೇಡಿ ಅಂತ ಅದರ ಅರ್ಥ."

ನಿನ್ನ ಬಾಸಿಲನಿಗಾಗಿ ನಾವಿಬ್ಬರೂ ಹರಕೆ ಹೊತ್ತದ್ದು ಆ ನೋಬಿಸರಿಗೇ ಅಲ್ಲವೇ? ಮಗು ರಕ್ತ ಕೆಮ್ಮುತ್ತಿದ್ದರೂ ಅದನ್ನೇ ನಂಬಿ ಕುಳಿತೆವು. ವಿಷಯ ತಿಳಿದ ಮೇಲೆ ಬರ್ನಡೆಟ್ ನಗಲಿಲ್ಲ. ತನ್ನ ವಾರ್ಡಿನಲ್ಲಿ ಹಾಸಿಗೆ ಹೇಳಿಟ್ಟಿದ್ದಾಳೆ, ತಡವಾಗಿರಲೂಬಹುದು ಎಂದಳು. ಕಾರ್ಡು ಸಿಕ್ಕಿದ ಕೂಡಲೇ ಅವನನ್ನು ಕರೆದುಕೊಂಡು ಬಸ್ಸು ಹತ್ತು. ಹರಕೆಯ ಮೇಣದ ಬತ್ತಿ ಅಲ್ಲೇ ಇರಲಿ. ನೋಬಿಸ್ ಅಂದರೆ ನಾವಂತೆ. ಇನ್ನು ನಾವೇ ನೋಡಬೇಕು.

ನಿನ್ನ ಅಕ್ಕ,
ಸೆರಾಫಿನ್